ಮುಟ್ಟದೆ ಇಳಿಸಿದ ಆವೇಶ: ಲೀಸಾ ಪಾಥ್‌ಫೈಂಡರ್ ನೌಕೆಯ ಒಂದು ಪ್ರಕರಣ

ಭೂಮಿಯಿಂದ ಸೂರ್ಯನ ದಿಕ್ಕಿಗೆ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಒಂದು ನೌಕೆಯ ಒಡಲಲ್ಲಿ, ಚಿನ್ನ ಮತ್ತು ಪ್ಲಾಟಿನಂ ಮಿಶ್ರಲೋಹದ ಎರಡು ಘನಗಳು 2016ರ ಫೆಬ್ರವರಿಯಿಂದ 2017ರ ನಡುಭಾಗದವರೆಗೆ ಬಹುಪಾಲು ಸಮಯ ಯಾವುದಕ್ಕೂ ತಾಗದೆ ತೇಲುತ್ತಿದ್ದವು. ಪ್ರತಿ ಘನದ ಅಂಚು 46 ಮಿಲಿಮೀಟರ್, ತೂಕ 1.93 ಕಿಲೋಗ್ರಾಂ ಆಸುಪಾಸು. ಘನದ ಸುತ್ತ ಎಲೆಕ್ಟ್ರೋಡುಗಳನ್ನು ಕೂರಿಸಿದ ಪೆಟ್ಟಿಗೆ. ಘನಕ್ಕೂ ಪೆಟ್ಟಿಗೆಯ ಗೋಡೆಗೂ ನಡುವೆ ಮೂರು ನಾಲ್ಕು ಮಿಲಿಮೀಟರ್ ಖಾಲಿ ಜಾಗ. ಆ ಜಾಗವನ್ನು ದಾಟಿ ಒಂದು ತಂತಿಯೂ ಹೋಗುವುದಿಲ್ಲ. ಈ ಪ್ರಕರಣದ ತೊಡಕೆಲ್ಲ ಹುಟ್ಟುವುದು ಇಲ್ಲಿಂದಲೇ. ಯಾವುದಕ್ಕೂ ತಾಗದ ಲೋಹದ ಮೇಲೆ ವಿದ್ಯುದಾವೇಶ ಕೂತರೆ ಅದು ಇಳಿದುಹೋಗಲು ದಾರಿ ಇರುವುದಿಲ್ಲ.

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಲೀಸಾ ಪಾಥ್‌ಫೈಂಡರ್ 2015ರ ಡಿಸೆಂಬರ್ 3ರಂದು ಫ್ರೆಂಚ್ ಗಯಾನಾದ ಕೌರೂ ನೆಲೆಯಿಂದ ವೇಗಾ ರಾಕೆಟ್ಟಿನಲ್ಲಿ ಹೊರಟಿತು. ಗುರುತ್ವ ಅಲೆಗಳನ್ನು, ಅಂದರೆ ಕಪ್ಪುಕುಳಿಗಳಂಥ ಭಾರಿ ಕಾಯಗಳು ಒಂದನ್ನೊಂದು ಸುತ್ತುವಾಗ ದೇಶಕಾಲದಲ್ಲಿ ಏಳುವ ಅಲುಗಾಟವನ್ನು, ಹಿಡಿಯುವುದು ಅದಕ್ಕೆ ವಹಿಸಿದ ಕೆಲಸವಾಗಿರಲಿಲ್ಲ. ಮುಂದೊಂದು ದಿನ ಆ ಕೆಲಸಕ್ಕೆ ಹೋಗಲಿರುವ ಲೀಸಾ ನೌಕೆಗಳಿಗೆ ಬೇಕಾದ ಒಂದು ಪೂರ್ವಷರತ್ತನ್ನು ಅದು ಪರೀಕ್ಷಿಸಬೇಕಿತ್ತು: ಗುರುತ್ವವೊಂದನ್ನು ಬಿಟ್ಟು ಬೇರೆ ಯಾವ ಬಲವೂ ಸೋಕದಂತೆ ಒಂದು ವಸ್ತುವನ್ನು ಬೀಳಲು ಬಿಡಬಹುದೇ? ಎರಡು ಘನಗಳ ನಡುವಿನ 376 ಮಿಲಿಮೀಟರ್ ಅಂತರವನ್ನು ಲೇಸರ್ ಅಳೆಯುತ್ತಿತ್ತು. ಆ ಅಂತರ ಅಲುಗಿದರೆ ಅಷ್ಟರಮಟ್ಟಿಗೆ ಯಾವುದೋ ಬಲ ಒಳಗೆ ನುಸುಳಿದೆ ಎಂದು ಅರ್ಥ.

ಕಲಬುರಗಿಯ ನಮ್ಮ ಪದವಿ ಕಾಲೇಜಿನಲ್ಲಿ ಅಂತಿಮ ವರ್ಷದ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಒಂದು ಪ್ರಕರಣವನ್ನು ಕೊಟ್ಟು ಪೂರ್ತಿ ಬಿಡಿಸಲು ಹೇಳುತ್ತೇನೆ. ಸಾಮಾನ್ಯವಾಗಿ ಎಲ್ಲರೂ ಆರಿಸುವುದು ಸಿಡಿದ ರಾಕೆಟ್ಟುಗಳನ್ನು, ಕಳೆದುಹೋದ ನೌಕೆಗಳನ್ನು. ಅವುಗಳಲ್ಲಿ ಕಥೆ ಇರುತ್ತದೆ, ಆದರೆ ಭೌತವಿಜ್ಞಾನ ತೆಳುವಾಗಿರುತ್ತದೆ. ಎಲ್ಲೋ ಒಂದು ಕವಾಟ ಕೆಟ್ಟಿತು, ಎಲ್ಲೋ ಒಂದು ಅಂಕಿ ತಪ್ಪಿತು, ಅಲ್ಲಿಗೆ ಮುಗಿಯಿತು. ಹಾಗಾಗಿ ಈ ಸಲ ಏನೂ ಕೆಡದ ಪ್ರಕರಣವನ್ನು ಕೊಟ್ಟೆ. ಈ ನೌಕೆ ಇದ್ದ ಜಾಗ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದು, ಎಂದರೆ ಏನೆಂದು ಹುಡುಗರಿಗೆ ವಿವರಿಸುವ ಶ್ರಮವೂ ಈಗ ಇಲ್ಲ. 2024ರ ಜನವರಿ 6ರಂದು ನಮ್ಮ ಆದಿತ್ಯ-ಎಲ್1 ಸೇರಿದ್ದು ಅದೇ ಬಿಂದುವಿನ ಸುತ್ತಲಿನ ಕಕ್ಷೆಯನ್ನು.

ಮೊದಲ ದಿನವೇ ಯಾದಗಿರಿಯ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆಯದು ಪಂಪ್‌ಸೆಟ್ಟುಗಳ ಮೋಟಾರ್ ರಿವೈಂಡಿಂಗ್ ಅಂಗಡಿ. "ಸರ್, ಒಂದು ಸಣ್ಣ ತಂತಿ ಕಟ್ಟಿ ಅರ್ಥ್ ಕೊಟ್ಟರೆ ಮುಗಿಯಲಿಲ್ಲವೇ?"

ಕೇಳಬೇಕಾದ ಪ್ರಶ್ನೆಯೇ. ಹಾಗೆ ಮಾಡಿದವರೂ ಇದ್ದಾರೆ. ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ 2016ರ ಏಪ್ರಿಲ್ 25ರಂದು ಹಾರಿಸಿದ ಮೈಕ್ರೋಸ್ಕೋಪ್ ಉಪಗ್ರಹದಲ್ಲಿ ಪರೀಕ್ಷಾ ವಸ್ತುಗಳಿಗೆ 7 ಮೈಕ್ರಾನ್ ದಪ್ಪದ ಚಿನ್ನದ ತಂತಿ ಕಟ್ಟಲಾಗಿತ್ತು. ಆವೇಶದ ಚಿಂತೆ ತಪ್ಪಿತು, ಬೇರೊಂದು ಚಿಂತೆ ಬಂತು. ತಂತಿ ಎಷ್ಟೇ ತೆಳುವಾಗಿರಲಿ, ಅದು ಸ್ಪ್ರಿಂಗಿನಂತೆ ಎಳೆಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಅದರ ಒಳಗಿನ ಘರ್ಷಣೆ. ಘರ್ಷಣೆ ಇದ್ದಲ್ಲಿ ಉಷ್ಣದ ಕಂಪನದಿಂದ ಹುಟ್ಟುವ ಗದ್ದಲವೂ ಇರುತ್ತದೆ, ಕಂಪನಾಂಕ ಇಳಿದಷ್ಟೂ ಅದು ಏರುತ್ತದೆ. ಮೈಕ್ರೋಸ್ಕೋಪ್ ತನ್ನನ್ನೇ ತಿರುಗಿಸಿಕೊಂಡು ಸಂಕೇತವನ್ನು ಮೇಲಿನ ಕಂಪನಾಂಕಕ್ಕೆ ಎತ್ತಿಕೊಂಡಿತು, ತನ್ನ ಕೆಲಸವನ್ನು ಚೆನ್ನಾಗಿಯೇ ಮುಗಿಸಿತು. ಲೀಸಾಗೆ ಆ ಸೌಕರ್ಯವಿಲ್ಲ. ಅದು ಕೇಳಬೇಕಾದ ಅಲೆಗಳಲ್ಲಿ ಕೆಲವು ಒಂದು ಸುತ್ತು ಮುಗಿಸಲು ಎರಡು ಮೂರು ಗಂಟೆ ತೆಗೆದುಕೊಳ್ಳುತ್ತವೆ. ಅಷ್ಟು ನಿಧಾನದ ಚಲನೆಯಲ್ಲಿ ತಂತಿಯ ಗದ್ದಲವೇ ಎಲ್ಲವನ್ನೂ ನುಂಗಿಬಿಡುತ್ತದೆ. ಹೀಗಾಗಿ ತಂತಿ ಬೇಡವೆಂದಾಯಿತು.

ಇನ್ನು ಆವೇಶ ಬರುವುದಾದರೂ ಎಲ್ಲಿಂದ? ಬಾಹ್ಯಾಕಾಶವನ್ನು ಬರಿದು ಎಂದು ಬರೆಯುವ ಲೇಖನಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಲ್ಲಿ ಕಾಸ್ಮಿಕ್ ಕಿರಣಗಳು ಎಲ್ಲ ದಿಕ್ಕಿನಿಂದಲೂ ಸುರಿಯುತ್ತಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಪ್ರೋಟಾನುಗಳು. ಕಡಿಮೆ ಶಕ್ತಿಯವನ್ನು ನೌಕೆಯ ಗೋಡೆ, ಉಪಕರಣಗಳ ಲೋಹ ತಡೆಯುತ್ತವೆ. ಸುಮಾರು 100 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಮೀರಿದವು ಎಲ್ಲವನ್ನೂ ತೂರಿಕೊಂಡು ಘನದವರೆಗೂ ಬರುತ್ತವೆ. ಕೆಲವು ಅಲ್ಲೇ ನಿಂತುಬಿಡುತ್ತವೆ. ಕೆಲವು ದಾರಿಯುದ್ದಕ್ಕೂ ಎಲೆಕ್ಟ್ರಾನುಗಳನ್ನು ಕಿತ್ತು ಚೆಲ್ಲುತ್ತವೆ, ಅವು ಘನದಿಂದ ಗೋಡೆಗೂ ಗೋಡೆಯಿಂದ ಘನಕ್ಕೂ ಹಾರುತ್ತವೆ. ಇದಲ್ಲದೆ ಉಡಾವಣೆಯ ಅದುರುವಿಕೆಯಲ್ಲಿ ಘನಗಳನ್ನು ಬಿಗಿಯಾಗಿ ಹಿಡಿದಿದ್ದ ಯಂತ್ರಭಾಗಗಳು ಅವನ್ನು ಬಿಟ್ಟು ಸರಿಯುವಾಗ, ಲೋಹ ಲೋಹದಿಂದ ಅಗಲುವಾಗ, ಒಂದಿಷ್ಟು ಆವೇಶ ಉಳಿದೇ ಉಳಿಯುತ್ತದೆ. 2016ರ ಫೆಬ್ರವರಿ 15 ಮತ್ತು 16ರಂದು ಒಂದರ ನಂತರ ಒಂದರಂತೆ ಘನಗಳನ್ನು ಬಿಡಲಾಯಿತು. ವಿಜ್ಞಾನದ ಅಳತೆಗಳು ಶುರುವಾದದ್ದು ಮಾರ್ಚ್ 1ರಂದು.

ಆ ವರ್ಷದ ಏಪ್ರಿಲ್‌ನಲ್ಲಿ ಮಾಡಿದ ಅಳತೆಯ ಪ್ರಕಾರ ಒಂದು ಘನಕ್ಕೆ ಸೆಕೆಂಡಿಗೆ ಸರಾಸರಿ 22.9, ಇನ್ನೊಂದಕ್ಕೆ 24.5 ಮೂಲಾವೇಶಗಳು (ಒಂದು ಪ್ರೋಟಾನಿನ ಆವೇಶ ಒಂದು ಮೂಲಾವೇಶ) ಸೇರುತ್ತಿದ್ದವು, ಎರಡೂ ಧನ. ಇದನ್ನು ಹಲಗೆಯ ಮೇಲೆ ಬರೆದು ಉಳಿದದ್ದನ್ನು ವಿದ್ಯಾರ್ಥಿಗಳಿಗೇ ಲೆಕ್ಕ ಹಾಕಲು ಬಿಟ್ಟೆ. ಸೆಕೆಂಡಿಗೆ 24 ಎಂದು ಹಿಡಿದರೆ ದಿನಕ್ಕೆ ಸುಮಾರು 20 ಲಕ್ಷ. ಘನಕ್ಕೂ ಸುತ್ತಲಿನ ಪೆಟ್ಟಿಗೆಗೂ ನಡುವಿನ ಧಾರಕತೆ ಸುಮಾರು 34 ಪಿಕೋಫ್ಯಾರಡ್. ಭಾಗಿಸಿದರೆ ದಿನಕ್ಕೆ 10 ಮಿಲಿವೋಲ್ಟ್. ತಿಂಗಳು ಬಿಟ್ಟರೆ 300 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲಿನ ಐದನೇ ಒಂದು ಪಾಲು. "ಇಷ್ಟೇನಾ?" ಎಂಬ ಮುಖಭಾವ ತರಗತಿಯ ತುಂಬ.

ಇಷ್ಟೇ. ಆದರೆ ನೌಕೆ ಸಾಧಿಸಬೇಕಿದ್ದ ನಿಶ್ಶಬ್ದವನ್ನು, ಅಂದರೆ ಘನದ ವೇಗೋತ್ಕರ್ಷದಲ್ಲಿ ಉಳಿಯುವ ಗದ್ದಲವನ್ನು, ಫೆಮ್ಟೋ ಮಾನದಲ್ಲಿ ಅಳೆಯುತ್ತಾರೆ. ಒಂದನ್ನು ಹತ್ತು ಕೋಟಿ ಕೋಟಿ ಭಾಗ ಮಾಡಿದರೆ ಸಿಗುವ ಒಂದು ಭಾಗವೇ ಫೆಮ್ಟೋ. ಆವೇಶ ಹೊತ್ತ ಘನದ ಸುತ್ತ ಪೆಟ್ಟಿಗೆಯ ಗೋಡೆ ಎಲ್ಲೆಡೆ ಒಂದೇ ವೋಲ್ಟೇಜಿನಲ್ಲಿ ಇದ್ದಿದ್ದರೆ ನಡುವೆ ನಿಂತ ಘನವನ್ನು ಎಲ್ಲ ಕಡೆಯಿಂದಲೂ ಸಮವಾಗಿ ಎಳೆಯುತ್ತಿತ್ತು, ತೊಂದರೆ ಇರುತ್ತಿರಲಿಲ್ಲ. ಘನಕ್ಕೂ ಗೋಡೆಗೂ ಹಚ್ಚಿದ ಚಿನ್ನದ ಲೇಪನ ಹಾಗೆ ಇರುವುದಿಲ್ಲ. ಹರಳುಗಳು ಬೇರೆ ಬೇರೆ ದಿಕ್ಕಿಗೆ ತಿರುಗಿರುತ್ತವೆ, ಮೇಲೆ ಅಂಟಿದ ಅನಿಲದ ಪದರ ಒಂದೆಡೆ ದಪ್ಪ, ಒಂದೆಡೆ ತೆಳು. ಹೀಗೆ ಮೇಲ್ಮೈಯಲ್ಲಿ ಮಿಲಿವೋಲ್ಟುಗಳ ಏರಿಳಿತದ ತೇಪೆಗಳಿರುತ್ತವೆ. ಘನದ ಆವೇಶ ಈ ಅಸಮತೆಯ ಮೇಲೆ ಕೆಲಸ ಮಾಡಿ ಬಲವಾಗುತ್ತದೆ. ತೇಪೆಗಳ ವೋಲ್ಟೇಜು ನಿಧಾನವಾಗಿ ಅಲೆದಾಡಿದರೆ ಬಲವೂ ಅಲೆದಾಡುತ್ತದೆ; ಆವೇಶ ಹೆಚ್ಚಿದ್ದಷ್ಟು ಹೆಚ್ಚು. ಇದು ಒಂದು ದಾರಿ.

ಇನ್ನೊಂದು ದಾರಿಯೇ ಈ ಪ್ರಕರಣದ ತಿರುಳು ಎಂದು ನನ್ನ ಅಭಿಪ್ರಾಯ. ಸೆಕೆಂಡಿಗೆ 24 ಎಂಬುದು ನಿವ್ವಳ ಅಂಕಿ. ಕಲಬುರಗಿಯ ಕೃಷಿ ಮಾರುಕಟ್ಟೆಯಲ್ಲಿ ತೊಗರಿಯ ಸುಗ್ಗಿಯಲ್ಲಿ ಅಡತಿ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಸಂಜೆ ಉಳಿದ ಹಣ ಕೆಲವು ಸಾವಿರ ಇರಬಹುದು, ದಿನವಿಡೀ ಒಳಗೆ ಬಂದು ಹೊರಗೆ ಹೋದದ್ದು ಲಕ್ಷಗಟ್ಟಲೆ. ಘನದ ಮೇಲೂ ಹಾಗೆಯೇ, ಧನವೂ ಬರುತ್ತದೆ, ಋಣವೂ ಬರುತ್ತದೆ, ಹೆಚ್ಚಿನಂಶ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಆವೇಶದ ಸರಾಸರಿ ಏರಿಕೆಗೆ ನಿವ್ವಳವೇ ಸಾಕು. ಆವೇಶ ಎಷ್ಟು ಅಡ್ಡಾದಿಡ್ಡಿಯಾಗಿ ಜಿಗಿಯುತ್ತದೆ ಎಂಬುದಕ್ಕೆ ಮಾತ್ರ ಒಟ್ಟು ವಹಿವಾಟು ಬೇಕು. ಬಂದುಹೋಗುವ ಪ್ರತಿ ಕಣವೂ ತನ್ನ ಪಾಲಿನ ಅನಿಶ್ಚಿತತೆಯನ್ನು ಬಿಟ್ಟೇ ಹೋಗುತ್ತದೆ. ನೌಕೆಯ ಮೇಲೆ ಈ ಗದ್ದಲವನ್ನು ಅಳೆದು ಹಿಂದಕ್ಕೆ ಲೆಕ್ಕ ಹಾಕಿದಾಗ ಸೆಕೆಂಡಿಗೆ ಒಂದು ಸಾವಿರಕ್ಕೂ ಹೆಚ್ಚು ಬಿಡಿ ಆವೇಶಗಳ ಓಡಾಟಕ್ಕೆ ಅದು ಸಮವಾಗಿತ್ತು, ಉಡಾವಣೆಗೆ ಮುಂಚಿನ ಕಂಪ್ಯೂಟರ್ ಲೆಕ್ಕಾಚಾರಗಳು ಹೇಳಿದ್ದಕ್ಕಿಂತ ಹೆಚ್ಚು. ಲೋಹದ ಮೇಲ್ಮೈಯಿಂದ ಬಹಳ ಕಡಿಮೆ ಶಕ್ತಿಯಲ್ಲಿ ಹೊರಬೀಳುವ ಎಲೆಕ್ಟ್ರಾನುಗಳನ್ನು ಆ ಲೆಕ್ಕಗಳು ಪೂರ್ತಿಯಾಗಿ ಹಿಡಿದಿರಲಿಲ್ಲ ಎಂಬುದು ನಂತರದ ವಿವರಣೆ.

ಈಗ ಮುಟ್ಟದೆ ಇಳಿಸುವ ಉಪಾಯ. ಲಂಡನ್ನಿನ ಇಂಪೀರಿಯಲ್ ಕಾಲೇಜು ಇದಕ್ಕಾಗಿ ಕಟ್ಟಿಕೊಟ್ಟ ವ್ಯವಸ್ಥೆಯಲ್ಲಿ ಆರು ಪಾದರಸದ ದೀಪಗಳಿದ್ದವು. ಅವುಗಳ 253.7 ನ್ಯಾನೋಮೀಟರಿನ ಅತಿನೇರಳೆ ಬೆಳಕು ಆಪ್ಟಿಕಲ್ ಫೈಬರಿನ ಮೂಲಕ ಪೆಟ್ಟಿಗೆಯೊಳಕ್ಕೆ ಹೋಗುತ್ತಿತ್ತು. ಘನಕ್ಕೆ ಬೆಳಕು ಬಿದ್ದರೆ ಅಲ್ಲಿಂದ ಎಲೆಕ್ಟ್ರಾನು ಎದ್ದು ಗೋಡೆಗೆ ಹೋಗುತ್ತದೆ, ಘನ ಧನದ ಕಡೆಗೆ ಸರಿಯುತ್ತದೆ. ಗೋಡೆಗೆ ಬೆಳಕು ಬಿದ್ದರೆ ಎಲೆಕ್ಟ್ರಾನು ಘನಕ್ಕೆ ಬರುತ್ತದೆ, ಘನ ಋಣದ ಕಡೆಗೆ ಸರಿಯುತ್ತದೆ. ಕಾಸ್ಮಿಕ್ ಕಿರಣಗಳು ಧನವನ್ನೇ ಏರಿಸುತ್ತಿದ್ದುದರಿಂದ ನಿತ್ಯದ ಕೆಲಸವೆಲ್ಲ ಗೋಡೆಯ ಕಡೆಯ ಬೆಳಕಿನದು.

253.7 ಎಂಬ ಅಂಕಿ ಕೇಳಿದೊಡನೆ ಬೀದರಿನ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದು, "ಸರ್, ಮನೆಯ ನೀರು ಶುದ್ಧೀಕರಣ ಯಂತ್ರದ ಯುವಿ ದೀಪದ್ದೂ ಇದೇ ಅಲ್ಲವೇ?" ಹೌದು, ಅದೇ ಪಾದರಸ, ಅದೇ ರೇಖೆ. ಬೋರ್‌ವೆಲ್ ನೀರಿನ ಈ ಊರಿನಲ್ಲಿ ಅಂಥ ದೀಪ ಸಿಗುವುದು ಕಷ್ಟವಿಲ್ಲ. ಅವಳೇ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಚಿಕ್ಕಪ್ಪನ ಬಿದರಿ ಕಾರ್ಖಾನೆಯಿಂದ ಎರಡು ತಟ್ಟೆಗಳನ್ನು ತಂದಳು. ಬೆಳಕು ಹೀಗೆ ಲೋಹದಿಂದ ಎಲೆಕ್ಟ್ರಾನನ್ನು ಎಬ್ಬಿಸುವ ದ್ಯುತಿವಿದ್ಯುತ್ ಪರಿಣಾಮವನ್ನು ತೋರಿಸಲು ಸತುವಿನ ತಟ್ಟೆ ಬೇಕೆಂದು ಪುಸ್ತಕಗಳೆಲ್ಲ ಹೇಳುತ್ತವೆ, ಬಿದರಿಯ ಎರಕದಲ್ಲಿ ಸತುವೇ ಬಹುಪಾಲು, ತಾಮ್ರ ಸ್ವಲ್ಪ. ಒಂದು ತಟ್ಟೆ ಎರಕ ಹೊಯ್ದು ಅರ ಉಜ್ಜಿದ್ದು, ಕೆತ್ತನೆಗೆ ಮುಂಚೆ ಬಳಿಯುವ ಮೈಲುತುತ್ತವೂ ತಾಗದ್ದು. ಇನ್ನೊಂದು ಕೋಟೆಯ ಮಣ್ಣು, ನವಸಾಗರದ ನೀರಿನಲ್ಲಿ ಕಾಯಿಸಿ ಕಪ್ಪಾಗಿಸಿದ್ದು.

ಬಿಳಿಯ ತಟ್ಟೆಯನ್ನು ಚಿನ್ನದ ರೇಕಿನ ಎಲೆಕ್ಟ್ರೋಸ್ಕೋಪಿನ ಮೇಲೆ ಕೂರಿಸಿ, ಉಜ್ಜಿದ ಪಿವಿಸಿ ಕೊಳವೆಯಿಂದ ಋಣ ಆವೇಶ ಕೊಟ್ಟೆವು. ಏಪ್ರಿಲ್ ತಿಂಗಳ ಕಲಬುರಗಿಯ ಒಣಗಾಳಿಗೆ ಇಂಥ ಪ್ರಯೋಗಗಳ ಮೇಲೆ ಅಪಾರ ಪ್ರೀತಿ. ಮಳೆಗಾಲದಲ್ಲಾದರೆ ತೇವಕ್ಕೆ ಆವೇಶ ತಾನಾಗಿಯೇ ಸೋರಿಹೋಗುತ್ತದೆ. ಅಗಲಿದ ರೇಕು ಹಾಗೆಯೇ ನಿಂತಿತ್ತು. ದೀಪ ಹಚ್ಚಿದೊಡನೆ ಇಳಿಯತೊಡಗಿತು. ನಡುವೆ ಕಿಟಕಿಯ ಗಾಜಿನ ತುಂಡು ಹಿಡಿದರೆ ಇಳಿಯುವುದು ನಿಂತಿತು, ಆ ಬೆಳಕನ್ನು ಸಾಮಾನ್ಯ ಗಾಜು ಹಾಯಗೊಡುವುದಿಲ್ಲ. ಧನ ಆವೇಶ ಕೊಟ್ಟಾಗ ದೀಪಕ್ಕೆ ರೇಕು ಕದಲಲೇ ಇಲ್ಲ. ಕಪ್ಪು ತಟ್ಟೆಗೆ ಋಣ ಕೊಟ್ಟಾಗಲೂ ಬಹುತೇಕ ಕದಲಲಿಲ್ಲ. (ಈ ದೀಪವನ್ನು ಬರಿಗಣ್ಣಿನಿಂದ ನೋಡಬಾರದು, ಚರ್ಮಕ್ಕೂ ತಾಗಿಸಬಾರದು. ಮರೆಮಾಡಿದ ಡಬ್ಬಿಯಲ್ಲಿಟ್ಟೇ ಮಾಡಬೇಕು.)

ಕಪ್ಪು ತಟ್ಟೆಯ ಮೌನದಿಂದ ತರಗತಿ ತೆಗೆದ ತೀರ್ಮಾನ ಸಹಜವಾಗಿತ್ತು: ಮೇಲ್ಮೈ ಶುದ್ಧವಾಗಿರಬೇಕು, ಪದರ ಕೂತರೆ ಕೆಲಸ ಕೆಡುತ್ತದೆ. ಸತುವಿಗೆ ಇದು ಸರಿ. ಚಿನ್ನದ ವಿಷಯಕ್ಕೆ ಬಂದರೆ ತಲೆಕೆಳಗು. ಪಾದರಸದ ಆ ಬೆಳಕಿನ ಒಂದು ಫೋಟಾನಿಗೆ 4.9 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ. ಅಪ್ಪಟ ಶುದ್ಧ ಚಿನ್ನದಿಂದ ಎಲೆಕ್ಟ್ರಾನನ್ನು ಹೊರತರಲು 5.1 ಎಲೆಕ್ಟ್ರಾನ್‌ವೋಲ್ಟಿಗಿಂತ ಕಡಿಮೆ ಸಾಲದು. ಅಂದರೆ ಲೆಕ್ಕದ ಪ್ರಕಾರ ದೀಪ ವ್ಯರ್ಥ. ಕಾಪಾಡಿದ್ದು ಕೊಳೆ. ಗಾಳಿಗೆ ಒಡ್ಡಿದ ಚಿನ್ನದ ಮೇಲೆ ನೀರು ಮತ್ತು ಇಂಗಾಲದ ಸಂಯುಕ್ತಗಳ ಕಣ್ಣಿಗೆ ಕಾಣದ ಪದರ ಕೂರುತ್ತದೆ, ಅದರಿಂದ ಬೇಕಾದ ಶಕ್ತಿ 4.9ಕ್ಕಿಂತ ಕೆಳಗೆ ಇಳಿಯುತ್ತದೆ. ನೂರಾರು ಕೋಟಿಯ ಉಪಕರಣದ ಒಂದು ಮುಖ್ಯ ಕೆಲಸ ಯಾರೂ ಉದ್ದೇಶಪಟ್ಟು ಬಳಿಯದ ಪದರವೊಂದನ್ನು ನಂಬಿ ನಡೆಯಿತು. ಇದನ್ನು ನಾನು ದೂರಿನಂತೆ ಹೇಳುತ್ತಿಲ್ಲ. ಆ ಪದರದ ಗುಣ ಒಂದು ಮಾದರಿಯಿಂದ ಇನ್ನೊಂದಕ್ಕೆ, ಬಿಸಿ ಮಾಡಿದ ಮೇಲೆ, ನಿರ್ವಾತದಲ್ಲಿ ಇಟ್ಟ ಮೇಲೆ ಬದಲಾಗುತ್ತದೆ ಎಂಬುದನ್ನು ತಿಳಿದುಕೊಂಡೇ ವಿನ್ಯಾಸ ಮಾಡಿದ್ದರು.

ತಿಳಿದುಕೊಂಡದ್ದರ ಗುರುತು ವ್ಯವಸ್ಥೆಯಲ್ಲೇ ಇದೆ. ಚಿನ್ನ ಈ ಬೆಳಕಿನ ಸುಮಾರು ಮೂರನೇ ಒಂದು ಪಾಲನ್ನು ಪ್ರತಿಫಲಿಸುತ್ತದೆ. ಗೋಡೆಗೆ ಗುರಿಯಿಟ್ಟ ಬೆಳಕು ಘನಕ್ಕೂ ಬೀಳುತ್ತದೆ, ಘನಕ್ಕೆ ಗುರಿಯಿಟ್ಟದ್ದು ಗೋಡೆಗೂ. ಎರಡೂ ಕಡೆಯಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಯಾವ ಕಡೆಯ ಪದರ ಹೆಚ್ಚು ಧಾರಾಳಿಯೋ ಆ ಕಡೆಯದು ಗೆಲ್ಲುತ್ತದೆ, ಗುರಿ ಎಲ್ಲಿಟ್ಟರೇನು. ಇದಕ್ಕೆ ಮದ್ದು ಎಲೆಕ್ಟ್ರೋಡುಗಳಿಗೆ ಕೊಡುವ ವೋಲ್ಟೇಜು. ಹೊರಟ ಎಲೆಕ್ಟ್ರಾನುಗಳು ಬಹಳ ನಿಧಾನದವು, ಸರಿಯಾದ ಚಿಹ್ನೆಯ ಒಂದೆರಡು ವೋಲ್ಟ್ ಅವನ್ನು ಬೇಡದ ದಿಕ್ಕಿನಿಂದ ಹಿಂದಕ್ಕೆ ತಳ್ಳುತ್ತದೆ.

ಆವೇಶ ಎಷ್ಟಿದೆ ಎಂದು ತಿಳಿಯುವ ಬಗೆಯೂ ಚೆನ್ನಾಗಿದೆ, ಅದಕ್ಕೂ ಮುಟ್ಟುವ ಅಗತ್ಯವಿಲ್ಲ. ಎದುರುಬದುರಿನ ಎಲೆಕ್ಟ್ರೋಡುಗಳಿಗೆ ನಿಧಾನವಾಗಿ ಏರಿಳಿಯುವ ವೋಲ್ಟೇಜು ಕೊಡುತ್ತಾರೆ. ಘನದ ಮೇಲೆ ಆವೇಶವಿದ್ದರೆ ಅದೇ ತಾಳಕ್ಕೆ ಅದು ಅಲುಗುತ್ತದೆ. ಅಲುಗಾಟದ ಪ್ರಮಾಣವೇ ಆವೇಶದ ಅಳತೆ, ಹಿಂದೆಯೋ ಮುಂದೆಯೋ ಎಂಬುದೇ ಅದರ ಚಿಹ್ನೆ. ಆವೇಶವನ್ನು ಪೂರ್ತಿ ಸೊನ್ನೆಗೆ ತಂದು ನಿಲ್ಲಿಸುವ ಬದಲು ತುಸು ಋಣಕ್ಕೆ ಇಳಿಸಿ ಬಿಡುತ್ತಿದ್ದರು. ಕಾಸ್ಮಿಕ್ ಕಿರಣಗಳು ಅದನ್ನು ಮೇಲೇರಿಸುತ್ತ ಸೊನ್ನೆ ದಾಟಿಸಿ ಧನಕ್ಕೆ ಒಯ್ಯುತ್ತಿದ್ದವು, ಆಮೇಲೆ ಮತ್ತೆ ದೀಪ. ಸಣ್ಣ ಬೆಳಕನ್ನು ಬಿಡದೆ ಹಚ್ಚಿಟ್ಟು ಆವೇಶವನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಪ್ರಯೋಗವೂ ನಡೆಯಿತು. ಇದರ ಜೊತೆಗೆ ತೇಪೆಗಳ ವೋಲ್ಟೇಜನ್ನು ಅಳೆದು ಅದಕ್ಕೆ ವಿರುದ್ಧವಾದ ಸ್ಥಿರ ವೋಲ್ಟೇಜನ್ನು ಎಲೆಕ್ಟ್ರೋಡುಗಳಿಗೆ ಕೊಟ್ಟು ಅಸಮತೆಯನ್ನು ಸಮ ಮಾಡಿದರು. ಎರಡನ್ನೂ ಸೇರಿಸಿ ಮಾಡಿದಾಗ ಆವೇಶದಿಂದ ಒಂದು ಘನಕ್ಕೆ ಬರುವ ಗದ್ದಲ ಒಂದು ಫೆಮ್ಟೋ ಮಾನದ ಹತ್ತಿರಕ್ಕೆ ಬಂದಿತು. ನೌಕೆಯ ಒಟ್ಟು ಗದ್ದಲ 2016ರ ಜೂನ್‌ನಲ್ಲಿ ಪ್ರಕಟವಾದ ಮೊದಲ ಫಲಿತಾಂಶದಲ್ಲಿ 5.2 ಫೆಮ್ಟೋ ಮಾನವಿತ್ತು, 2018ರ ಪ್ರಕಟಣೆಯ ಹೊತ್ತಿಗೆ 1.74ಕ್ಕೆ ಇಳಿದಿತ್ತು. ಪತ್ರಿಕೆಗಳು ಲೇಸರನ್ನು ಹೊಗಳಿದವು. ದೀಪಗಳ ಬಗ್ಗೆ ಬರೆದವರು ಕಡಿಮೆ.

ಅಸಮತೆಯನ್ನು ಸಮ ಮಾಡುವ ಆ ಎರಡನೇ ಕೆಲಸ ಏಕೆ ಮುಖ್ಯ ಎನ್ನುವುದಕ್ಕೆ ಐನ್‌ಸ್ಟೈನರ ಗುರುತ್ವ ಸಿದ್ಧಾಂತವನ್ನು ಪರೀಕ್ಷಿಸಿದ ನಾಸಾದ ಉಪಗ್ರಹ ಗ್ರಾವಿಟಿ ಪ್ರೋಬ್ ಬಿ ಸಾಕ್ಷಿ. 2004ರ ಏಪ್ರಿಲ್ 20ರಂದು ಹಾರಿದ ಅದರಲ್ಲಿ ನಯೋಬಿಯಂ ಲೇಪಿಸಿದ ನಾಲ್ಕು ಸ್ಫಟಿಕಶಿಲೆಯ ಗೋಲಿಗಳು ತಿರುಗುತ್ತಿದ್ದವು. ಅಲ್ಲಿಯೂ ಪಾದರಸದ ಬೆಳಕಿನಿಂದಲೇ ಆವೇಶ ಇಳಿಸಿದರು, ಅದು ಚೆನ್ನಾಗಿಯೇ ನಡೆಯಿತು. ಆದರೆ ಗೋಲಿಯ ಮೇಲಿನ ಮತ್ತು ಅದರ ಗೂಡಿನ ಮೇಲಿನ ತೇಪೆಗಳು ಪರಸ್ಪರ ಎಳೆದಾಡಿ ನಿರೀಕ್ಷಿಸದ ತಿರುಚುಬಲಗಳನ್ನು ಹುಟ್ಟಿಸಿದವು. ಒಟ್ಟು ಆವೇಶ ಸೊನ್ನೆಯಾದರೂ ತೇಪೆಗಳು ಹೋಗುವುದಿಲ್ಲವಲ್ಲ. ಅದರ ಪ್ರಭಾವವನ್ನು ಲೆಕ್ಕದಿಂದ ಬೇರ್ಪಡಿಸಿ ಅಂತಿಮ ಫಲಿತಾಂಶ ಹೇಳಲು 2011 ಬಂತು.

ಇದೇ ಸಂಕಟ ನೆಲದ ಮೇಲೂ ಇದೆ, ಅದೂ ನಮಗೆ ದೂರವೇನಲ್ಲ. ಬೀದರಿನಿಂದ ನಾಂದೇಡ ದಾಟಿ ಹೋದರೆ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥ. ನೆಲದ ಮೇಲಿಂದಲೇ ಗುರುತ್ವ ಅಲೆಗಳನ್ನು ಹಿಡಿಯುವ ಲೈಗೋ-ಇಂಡಿಯಾ ಬರುವುದು ಅಲ್ಲಿಗೆ, ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಸುಮಾರು 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಲೈಗೋದಲ್ಲಿ ತೂಗುಹಾಕುವ 40 ಕಿಲೋ ಕನ್ನಡಿಗಳು ಸಿಲಿಕಾ ಗಾಜಿನವು. ಲೋಹದಲ್ಲಿ ಆವೇಶ ಎಲ್ಲೆಡೆ ಹರಡಿಕೊಳ್ಳುತ್ತದೆ, ಒಂದು ಮೂಲೆಗೆ ಬೆಳಕು ಬಿಟ್ಟರೂ ಸಾಕು. ಗಾಜಿನಲ್ಲಿ ಕೂತಲ್ಲೇ ಕೂತಿರುತ್ತದೆ. ಹಾಗಾಗಿ ಅಲ್ಲಿ ಅಯಾನೀಕರಿಸಿದ ನೈಟ್ರೋಜನ್ನನ್ನು ಕೋಣೆಯೊಳಕ್ಕೆ ಬಿಟ್ಟು ಇಡೀ ಮೇಲ್ಮೈಯನ್ನು ತೊಳೆಯುವ ಕ್ರಮವಿದೆ. ನೌಕೆಯಲ್ಲಿ ಆ ಅನುಕೂಲ ಇರುವುದಿಲ್ಲ.

ಐರೋಪ್ಯ ಸಂಸ್ಥೆ 2024ರ ಜನವರಿಯಲ್ಲಿ ಲೀಸಾವನ್ನು ಅಧಿಕೃತವಾಗಿ ಕೈಗೆತ್ತಿಕೊಂಡಿತು. 2035ರಲ್ಲಿ ಹಾರಿಸುವ ಯೋಜನೆ, ಮೂರು ನೌಕೆಗಳು, ನಡುವೆ 25 ಲಕ್ಷ ಕಿಲೋಮೀಟರ್. ಪಾದರಸದ ದೀಪಗಳ ಜಾಗಕ್ಕೆ ಅತಿನೇರಳೆ ಎಲ್‌ಇಡಿಗಳು ಬರುತ್ತವೆ. 2014ರ ಜೂನ್‌ನಲ್ಲಿ ಹಾರಿದ ಸೌದಿಸ್ಯಾಟ್-4 ಉಪಗ್ರಹ ಅವನ್ನು ಕಕ್ಷೆಯಲ್ಲಿ ಪರೀಕ್ಷಿಸಿದೆ. ಎಲ್‌ಇಡಿಯನ್ನು ಬೇಕಾದ ಕ್ಷಣಕ್ಕೆ ಹಚ್ಚಿ ಆರಿಸಬಹುದು. ಘನದ ಸ್ಥಾನವನ್ನು ಅಳೆಯಲು ಹೇಗೂ 100 ಕಿಲೋಹರ್ಟ್ಸ್ ವೋಲ್ಟೇಜು ಓಡಾಡುತ್ತಿರುತ್ತದೆ; ಅದರ ಏರಿಗೆ ಸರಿಯಾಗಿ ಮಿನುಗಿಸಿದರೆ ಎಲೆಕ್ಟ್ರಾನು ಒಂದು ಕಡೆಗೆ, ಇಳಿವಿಗೆ ಮಿನುಗಿಸಿದರೆ ಇನ್ನೊಂದು ಕಡೆಗೆ. ಚಿನ್ನದ ಪದರದ ಮರ್ಜಿ ಅಷ್ಟರಮಟ್ಟಿಗೆ ತಪ್ಪುತ್ತದೆ.

ವರದಿಯ ಕೊನೆಯಲ್ಲಿ ವಿದ್ಯಾರ್ಥಿಗಳು ಉತ್ತರಿಸಬೇಕಿದ್ದ ಪ್ರಶ್ನೆ: ಲೀಸಾದಲ್ಲಿ ಆವೇಶವನ್ನು ಆಗಾಗ ಒಮ್ಮೆಲೇ ಇಳಿಸಬೇಕೇ, ಬಿಡದೆ ಸಣ್ಣ ಬೆಳಕಿನಲ್ಲಿ ಹಿಡಿದಿರಬೇಕೇ? ಬಹುಮತ ಎರಡನೆಯದಕ್ಕೆ ಬಂತು, ನನ್ನ ಒಲವೂ ಅದರ ಕಡೆಗೇ. ಆವೇಶ ಸದಾ ಸೊನ್ನೆಯ ಬಳಿ ಇರುತ್ತದೆ, ದತ್ತಾಂಶದಲ್ಲಿ ಕಂಡಿ ಬೀಳುವುದಿಲ್ಲ. ಯಾದಗಿರಿಯ ಹುಡುಗ ಒಪ್ಪಲಿಲ್ಲ. ಬಿಡದೆ ಬೆಳಕು ಹಚ್ಚಿದರೆ ಎರಡೂ ಕಡೆಯಿಂದ ಎಲೆಕ್ಟ್ರಾನುಗಳು ಓಡಾಡುತ್ತಲೇ ಇರುತ್ತವೆ, ಕಾಸ್ಮಿಕ್ ಕಿರಣಗಳ ವಹಿವಾಟಿನ ಮೇಲೆ ನಮ್ಮದೂ ಒಂದು ವಹಿವಾಟು ಸೇರುತ್ತದೆ, ನಿವ್ವಳ ಸೊನ್ನೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ ಎಂದು ಅವನ ವಾದ. ದೊಡ್ಡ ಕಪ್ಪುಕುಳಿಗಳ ವಿಲೀನ ಲೀಸಾಗೆ ಮುಂಚಿತವಾಗಿಯೇ ಕೇಳತೊಡಗುತ್ತದೆ, ಘಟಿಸುವ ಹೊತ್ತನ್ನು ಮೊದಲೇ ಲೆಕ್ಕ ಹಾಕಬಹುದು, ಆ ಹೊತ್ತನ್ನು ಬಿಟ್ಟು ಬೇರೆ ದಿನ ಇಳಿಸಿದರಾಯಿತು ಎಂದೂ ಸೇರಿಸಿದ. ಎಲ್‌ಇಡಿಯ ಬೆಳಕು ಎಷ್ಟು ಸಣ್ಣದಿದ್ದರೆ ಅದರ ಗದ್ದಲ ಕಾಸ್ಮಿಕ್ ಕಿರಣಗಳದ್ದಕ್ಕಿಂತ ಕೆಳಗಿರುತ್ತದೆ ಎಂದು ಲೆಕ್ಕ ಹಾಕಿ ತರಲು ಎರಡೂ ಗುಂಪಿಗೆ ಹೇಳಿದ್ದೇನೆ. ಗೋಡೆಯ ಮತ್ತು ಘನದ ಎಲೆಕ್ಟ್ರಾನ್ ಪ್ರವಾಹಗಳನ್ನು ಬೇರೆ ಬೇರೆಯಾಗಿ ಹಿಡಿಯಬೇಕು, ಕಳೆಯಬಾರದು, ಕೂಡಿಸಬೇಕು.